ಕ್ರೀಡಾಕೂಟದ ಲಾಭ: ಅಳೆಯುವ ಬಗೆ ಹೇಗೆ?

1997ರಲ್ಲಿ ರಾಷ್ಟ್ರೀಯ ಕ್ರೀಡಾಕೂಟವು ಬೆಂಗಳೂರು ಹಾಗೂ ಮೈಸೂರುಗಳಲ್ಲಿ ಜರುಗಿತು. ಬೆಂಗಳೂರು ಕೋರಮಂಗಲದ ನ್ಯಾಷನಲ್ ಗೇಮ್ಸ್ ವಿಲೇಜ್ ವಸತಿ ಸಂಕೀರ್ಣವು ಅದರ ಕುರುಹಾಗಿ ಇಂದಿಗೂ ಉಳಿದಿದೆ. ಕಟ್ಟಡಗಳು ಕಣ್ಣಿಗೆ ಕಾಣುತ್ತವೆ. ವ್ಯಾಪಾರಕ್ಕೂ ಉದ್ಯೋಗಕ್ಕೂ ಆದ ಪ್ರಯೋಜನವು ಹಾಗೆ ಕಾಣದು, ಅದನ್ನು ಲೆಕ್ಕ ಹಾಕಿಯೇ ತಿಳಿಯಬೇಕು. ಮೈಸೂರಿನ ನೆರೆಯಲ್ಲಿರುವ ಬೆಳಗೊಳದ ಉದ್ದಿಮೆದಾರರು ಇಂಥ ಕೂಟವನ್ನು ನಂಬಿ ಬಂಡವಾಳ ಹೂಡುವ ಮುನ್ನ ಈ ಲೆಕ್ಕವನ್ನು ಅರಿತಿರುವುದು ಒಳಿತು.

ಕೂಟದ ವೇಳೆ ಖರ್ಚಾದ ಹಣವೆಲ್ಲ ಲಾಭವಲ್ಲ. ಸ್ಥಳೀಯ ಕುಟುಂಬವು ಕ್ರೀಡಾಂಗಣದಲ್ಲಿ ವ್ಯಯಿಸಿದ ಹಣ ಬೇರೊಂದು ಅಂಗಡಿಗೆ ಹೋಗಬೇಕಾಗಿದ್ದ ಹಣವೇ ಆಗಿರಬಹುದು. ಹೊರಗಿನವರು ತಂದ ಹಣ ಮಾತ್ರ ಹೊಸದು. ಅಲ್ಲಿಯೂ ಎಚ್ಚರ ಬೇಕು. ಒಲಿಂಪಿಕ್ಸ್ ನಡೆದ 2012ರ ಆಗಸ್ಟ್‌ನಲ್ಲಿ ಬ್ರಿಟನ್ನಿಗೆ ಬಂದ ವಿದೇಶೀಯರ ಸಂಖ್ಯೆ ಹಿಂದಿನ ವರ್ಷದ ಅದೇ ತಿಂಗಳಿಗಿಂತ ಕಡಿಮೆಯಿತ್ತು. ಅವರು ಮಾಡಿದ ವೆಚ್ಚವಾದರೋ ಹೆಚ್ಚಿತ್ತು. ತಲೆ ಎಣಿಸಿದರೆ ಒಂದು ಉತ್ತರ, ಹಣ ಎಣಿಸಿದರೆ ಇನ್ನೊಂದು.

ಬಂದ ಹಣದಲ್ಲಿ ಊರಿನಲ್ಲಿ ಉಳಿಯುವುದೆಷ್ಟು ಎಂಬುದು ಮುಂದಿನ ಪ್ರಶ್ನೆ. ವರ್ತಕರೊಬ್ಬರು ತಿರುಪ್ಪೂರಿನಿಂದ 80 ಸಾವಿರ ರೂಪಾಯಿಗೆ ತರಿಸಿದ ಬನಿಯನ್ನುಗಳನ್ನು 1 ಲಕ್ಷಕ್ಕೆ ಮಾರಿದರೆಂದು ಭಾವಿಸೋಣ. ವಹಿವಾಟು 1 ಲಕ್ಷವಾದರೂ ಇಲ್ಲಿ ಉಳಿಯುವುದು ಹೆಚ್ಚೆಂದರೆ 20 ಸಾವಿರ. ಅದೇ ಸರಕು ಇಲ್ಲಿಯೇ ತಯಾರಾದರೆ ಕೂಲಿಯೂ ಇಲ್ಲಿಯೇ ಸಲ್ಲುತ್ತದೆ.

ಉದ್ಯೋಗವನ್ನು ಆಳುಗಳಿಂದಲ್ಲ, ದಿನಗಳಿಂದ ಅಳೆಯಬೇಕು. ನೂರು ಮಂದಿಗೆ 15 ದಿನ ಕೆಲಸ ದೊರೆತರೆ 1,500 ಮಾನವ ದಿನಗಳಾಗುತ್ತವೆ. ವರ್ಷಕ್ಕೆ 300 ದಿನಗಳ ದುಡಿಮೆಯಂತೆ ಇದು ಕೇವಲ 5 ಪೂರ್ಣಾವಧಿ ಉದ್ಯೋಗಗಳಿಗೆ ಸಮ.

ವೆಚ್ಚವನ್ನೂ ಮರೆಯಲಾಗದು. ಮಾಂಟ್ರಿಯಲ್ ನಗರದಲ್ಲಿ 1976ರಲ್ಲಿ ನಡೆದ ಒಲಿಂಪಿಕ್ಸ್‌ನ ಸಾಲ ತೀರಿದ್ದು 2006ರಲ್ಲಿ. ಸಣ್ಣ ಕಾರ್ಖಾನೆಗೂ ಇದೇ ಪಾಠ: ಹದಿನೈದು ದಿನಗಳ ಬೇಡಿಕೆಗಾಗಿ ಐದು ವರ್ಷಗಳ ಕಂತಿನ ಯಂತ್ರ ಕೊಳ್ಳುವುದಕ್ಕಿಂತ ಹೆಚ್ಚುವರಿ ಪಾಳಿ ನಡೆಸುವುದು ಅಥವಾ ಯಂತ್ರವನ್ನು ಬಾಡಿಗೆಗೆ ಪಡೆಯುವುದು ಲೇಸು.

ಹಿಂದಿನ ವರ್ಷದ ಅದೇ ತಿಂಗಳ ಮಾರಾಟ, ಕೂಟದ ತಿಂಗಳ ಮಾರಾಟ, ಅದರ ಮುಂದಿನ ತಿಂಗಳ ಮಾರಾಟ – ಈ ಮೂರನ್ನೂ ಪ್ರತಿಯೊಬ್ಬ ವರ್ತಕರೂ ಬರೆದಿಡಲಿ. ನಿಜವಾದ ಲಾಭವು ಘೋಷಣೆಗಳಲ್ಲಲ್ಲ, ಈ ಲೆಕ್ಕದ ಪುಸ್ತಕದಲ್ಲಿ ದೊರೆಯುತ್ತದೆ.