ಚಾವಣಿ ಸೀಳಿ ಬಿದ್ದ ಉಲ್ಕಾಶಿಲೆ ಬಡವನನ್ನು ಕೋಟ್ಯಧಿಪತಿ ಮಾಡಿತೇ?

ಮನೆ ಚಾವಣಿ ಸೀಳಿಕೊಂಡು ಆಕಾಶದಿಂದ ಕಲ್ಲು ಬಿತ್ತು, ಬಡವನೊಬ್ಬ ರಾತ್ರೋರಾತ್ರಿ 13 ಕೋಟಿ ರೂಪಾಯಿಯ ಒಡೆಯನಾದ ಎಂಬ ಸುದ್ದಿ ನಿಮ್ಮ ವಾಟ್ಸಾಪ್‌ಗೂ ಬಂದಿರಬಹುದು. ಕಲ್ಲು ಬಿದ್ದದ್ದು ನಿಜ. ಕೋಟಿ ಬಂದದ್ದು ಸುಳ್ಳು.

2020ರ ಆಗಸ್ಟ್‌ನಲ್ಲಿ ಇಂಡೋನೇಷ್ಯಾದ ಉತ್ತರ ಸುಮಾತ್ರಾದ ಕೊಲಾಂಗ್‌ನಲ್ಲಿ, ಶವಪೆಟ್ಟಿಗೆ ತಯಾರಿಸುವ ಒಬ್ಬರ ಮನೆಯ ತಗಡಿನ ಚಾವಣಿ ತೂತಾಗಿ ಸುಮಾರು ಎರಡು ಕಿಲೋ ತೂಕದ ಉಲ್ಕಾಶಿಲೆ ಬಿತ್ತು. ಅದನ್ನು ಅವರು ಮಾರಿದರು. ನವೆಂಬರ್ ಹೊತ್ತಿಗೆ, ಅವರಿಗೆ 18 ಲಕ್ಷ ಡಾಲರ್ ಸಿಕ್ಕಿತೆಂದು ಜಗತ್ತಿನಾದ್ಯಂತ ಸುದ್ದಿಯಾಯಿತು. ಅಸಲಿಗೆ ಸಿಕ್ಕಿದ್ದು ಸುಮಾರು 14,000 ಡಾಲರ್, ಅಂದರೆ ಆಗಿನ ಲೆಕ್ಕದಲ್ಲಿ ಹತ್ತು ಲಕ್ಷ ರೂಪಾಯಿಯಷ್ಟು. ಅದೇನು ಸಣ್ಣ ಮೊತ್ತವಲ್ಲ, ಆದರೆ 13 ಕೋಟಿ ಎಲ್ಲಿ, ಹತ್ತು ಲಕ್ಷ ಎಲ್ಲಿ?

ಹಾಗಾದರೆ ಆ ದೊಡ್ಡ ಅಂಕಿ ಬಂದದ್ದೆಲ್ಲಿಂದ? ಆ ಉಲ್ಕೆಯ ಚೂರುಗಳಿಗೆ ಇಂಟರ್‌ನೆಟ್ ಮಾರುಕಟ್ಟೆಯಲ್ಲಿ ಯಾರೋ ಬರೆದಿದ್ದ ಬೆಲೆಯನ್ನು ಇಡೀ ಕಲ್ಲಿನ ತೂಕಕ್ಕೆ ಗುಣಿಸಿದ್ದರು. ಮಾರುವವನು ಕೇಳುವ ಬೆಲೆಯೇ ಬೇರೆ, ಕೊಳ್ಳುವವನು ಕೊಡುವ ಬೆಲೆಯೇ ಬೇರೆ. ಸಂತೆಯಲ್ಲಿ ಎಮ್ಮೆ ಕೊಂಡವರಿಗೆ ಇದನ್ನು ಹೇಳಿಕೊಡಬೇಕಿಲ್ಲ.

ಇನ್ನೊಂದು ವ್ಯಾಪಾರದ ಜೊತೆ ಹೋಲಿಸಿ ನೋಡಿ. ಭೂಮಿಯಲ್ಲಿ ಸಿಕ್ಕಿರುವ ಮಂಗಳ ಗ್ರಹದ ತುಂಡುಗಳಲ್ಲೇ ಅತಿ ದೊಡ್ಡದು 24.67 ಕಿಲೋ ತೂಗುತ್ತದೆ. 2025ರ ಜುಲೈನಲ್ಲಿ ನ್ಯೂಯಾರ್ಕ್‌ನ ಸೋದಬೀಸ್ ಹರಾಜಿನಲ್ಲಿ ಅದು ಶುಲ್ಕವೆಲ್ಲ ಸೇರಿ ಸುಮಾರು 53 ಲಕ್ಷ ಡಾಲರ್‌ಗೆ ಹೋಯಿತು. ಭಾಗಿಸಿದರೆ ಗ್ರಾಂಗೆ ಹೆಚ್ಚುಕಡಿಮೆ 215 ಡಾಲರ್. ಕೊಲಾಂಗ್ ಕಲ್ಲಿಗೆ ಸುದ್ದಿಮನೆಗಳು ಕಟ್ಟಿದ ಬೆಲೆ ಗ್ರಾಂಗೆ 900 ಡಾಲರ್ ಆಸುಪಾಸು! ಇನ್ನು ಮಂಗಳದ ಆ ಕಲ್ಲಿನ ಗಲಾಟೆ ಹರಾಜಿನೊಂದಿಗೆ ಮುಗಿಯಲಿಲ್ಲ. ಅದು ಸಿಕ್ಕಿದ್ದು ಆಫ್ರಿಕಾದ ನೈಜರ್ ದೇಶದಲ್ಲಿ. ನಮ್ಮ ನೆಲದ ಕಲ್ಲು ಹೊರಗೆ ಹೋದದ್ದು ಹೇಗೆ ಎಂದು ಅಲ್ಲಿನ ಸರ್ಕಾರ ತನಿಖೆಗೆ ಇಳಿಯಿತು.

ಬೆಲೆಗಿಂತ ಮೊದಲ ಪ್ರಶ್ನೆ, ಕಲ್ಲು ಅಸಲಿಯೇ ಎಂಬುದು. ‘ಅಯಸ್ಕಾಂತಕ್ಕೆ ಅಂಟಿದರೆ ಉಲ್ಕೆ’ ಎಂಬ ಮಾತನ್ನು ನಂಬಬೇಡಿ. ಬಹುಪಾಲು ಉಲ್ಕಾಶಿಲೆಗಳು ಅಂಟುತ್ತವೆ ನಿಜ, ಆದರೆ ಕಬ್ಬಿಣದ ಅದಿರೂ ಅಂಟುತ್ತದೆ, ಕಾರ್ಖಾನೆಯ ಕಿಟ್ಟವೂ ಅಂಟುತ್ತದೆ. ಅಲ್ಲದೆ ಬಲವಾದ ಅಯಸ್ಕಾಂತ ತಾಗಿದರೆ ಅಸಲಿ ಉಲ್ಕೆಯೊಳಗೆ ಕೋಟ್ಯಂತರ ವರ್ಷಗಳಿಂದ ಉಳಿದಿದ್ದ ಕಾಂತೀಯ ಗುರುತೇ ಅಳಿಸಿಹೋಗುತ್ತದೆ. ಟೈಲ್ಸ್‌ನ ನುಣುಪಿಲ್ಲದ ಹಿಂಬದಿಗೆ ಕಲ್ಲನ್ನು ಉಜ್ಜಿ ನೋಡುವುದು ವಾಸಿ. ಕೆಂಪು ಅಥವಾ ಕಪ್ಪು ಗೆರೆ ದಟ್ಟವಾಗಿ ಬಿದ್ದರೆ ಅದು ಬಹುಮಟ್ಟಿಗೆ ಅದಿರು. ಕಲ್ಲಿನ ತುಂಬ ಗುಳ್ಳೆಗಳ ತೂತುಗಳಿದ್ದರೆ ಕಿಟ್ಟ ಇರಬಹುದು. ಕೊನೆಯ ತೀರ್ಮಾನ ಮಾತ್ರ ಪ್ರಯೋಗಾಲಯದ್ದೇ. ಹೊಸ ಉಲ್ಕೆಗೆ ಅಧಿಕೃತ ಹೆಸರು ಕೊಡುವುದು ಅಂತರರಾಷ್ಟ್ರೀಯ ಮೀಟಿಯರಿಟಿಕಲ್ ಸೊಸೈಟಿಯ ಸಮಿತಿ. ಅದಕ್ಕೆ ಕಲ್ಲಿನ ಒಂದು ಭಾಗವನ್ನು ಮಾನ್ಯ ಸಂಸ್ಥೆಯೊಂದರಲ್ಲಿ ಇಡಬೇಕು. ಮಾರುವವನೇ ಮುದ್ರಿಸಿಕೊಡುವ ಬಣ್ಣದ ಸರ್ಟಿಫಿಕೇಟ್‌ಗೆ ಆ ತೂಕವಿಲ್ಲ.

ಈ ಫಾರ್ವರ್ಡ್‌ನಿಂದ ಯಾರಿಗೇನು ನಷ್ಟ ಅನ್ನಬೇಡಿ. ‘ರೈಸ್ ಪುಲ್ಲರ್’ ದಂಧೆ ನೆನಪಿದೆಯೇ? ಅಕ್ಕಿಯನ್ನು ಸೆಳೆಯುವ ಪಾತ್ರೆಯನ್ನು ನಾಸಾ ಕೋಟಿಗಟ್ಟಲೆ ಕೊಟ್ಟು ಕೊಳ್ಳುತ್ತದೆ ಎಂದು ನಂಬಿಸಿ, ‘ಪರೀಕ್ಷೆ ಖರ್ಚು’ ಎಂದು ಹಣ ಕೀಳುವ ಮೋಸ ಅದು. 2018ರಲ್ಲಿ ದೆಹಲಿ ಪೊಲೀಸರು ಅಪ್ಪ ಮಗ ಇಬ್ಬರನ್ನು ಬಂಧಿಸಿದರು. ವಿಕಿರಣ ತಡೆಯುವ ಉಡುಪೆಂದು ಬೆಳ್ಳಿಬಣ್ಣದ ದಿರಿಸು ತೋರಿಸಿ ಉದ್ಯಮಿಯೊಬ್ಬರಿಗೆ 1.43 ಕೋಟಿ ರೂಪಾಯಿ ವಂಚಿಸಿದರೆಂಬುದು ಅವರ ಮೇಲಿದ್ದ ಆರೋಪ. ‘ಕೋಟಿ ಬೆಲೆಯ ಆಕಾಶದ ಕಲ್ಲು’ ಎಂಬ ಸುದ್ದಿಯೂ ಇಂಥವರಿಗೆ ಒಳ್ಳೆಯ ಬಂಡವಾಳ. ಕಲ್ಲಿಗೆ ಮೊದಲು ಅಡ್ವಾನ್ಸ್ ಕೇಳಿದರೆ ಅಲ್ಲಿಗೇ ಮಾತು ನಿಲ್ಲಿಸಿ.

ನಮ್ಮ ದೇಶದಲ್ಲಿ ಬಿದ್ದ ಉಲ್ಕಾಶಿಲೆಗಳ ಪಾಲಕ ಸಂಸ್ಥೆ ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆ, ಅಂದರೆ ಜಿಎಸ್‌ಐ. 2017ರ ಜೂನ್ 6ರಂದು ಜೈಪುರದ ಹತ್ತಿರ ಮುಕುಂದ್‌ಪುರದ ಹೊಲದಲ್ಲೂ ಸುಮಾರು ಎರಡು ಕಿಲೋ ತೂಕದ, ಕೊಲಾಂಗ್ ಕಲ್ಲಿನ ಹತ್ತಿರದ ಜಾತಿಗೇ ಸೇರಿದ ಅಪರೂಪದ ಉಲ್ಕೆ ಬಿತ್ತು. ಅದು ಜಿಎಸ್‌ಐ ಕೈ ಸೇರಿ ವಿಜ್ಞಾನಿಗಳ ಅಧ್ಯಯನಕ್ಕೆ ಒದಗಿತು. ನಿಮ್ಮ ಹೊಲದಲ್ಲೂ ಅಂಥ ಕಲ್ಲು ಬಿದ್ದರೆ ಒಡೆಯಬೇಡಿ, ತೊಳೆಯಬೇಡಿ. ಬಿದ್ದ ಜಾಗದ ಫೋಟೊ ತೆಗೆದು, ಕಲ್ಲನ್ನು ಒಣ ಪೊಟ್ಟಣದಲ್ಲಿಟ್ಟು ಪೊಲೀಸರಿಗೋ ತಹಶೀಲ್ದಾರರಿಗೋ ತಿಳಿಸಿ.