ನಾಳೆ ಶಾಲೆ ಇದೆಯಾ? – ಠಾಣೆ, ಡೊಂಬಿವಲಿ, ವಾಶಿಯ ಎರಡು ಕೊರೋನಾ ಚಳಿಗಾಲಗಳು

ಮುಂಬಯಿಯಿಂದ ಹೊರಟ ಲೋಕಲ್ ಮುಲುಂಡ್ ದಾಟಿದಾಗ ಊರು ಬದಲಾದಂತೆ ಕಾಣುವುದಿಲ್ಲ. ಬದಲಾಗುವುದು ಪಾಲಿಕೆ. ಠಾಣೆಗೆ ತನ್ನದೇ ಮಹಾನಗರ ಪಾಲಿಕೆ ಇದೆ. ಮುಂಬ್ರಾ, ದಿವಾ ಕಳೆದು ಕೋಪರ್ ಬಂದರೆ ಕಲ್ಯಾಣ್–ಡೊಂಬಿವಲಿ ಪಾಲಿಕೆ ಶುರು. ಠಾಣೆಯಲ್ಲೇ ಇಳಿದು ಇನ್ನೊಂದು ಲೋಕಲ್ ಹಿಡಿದರೆ ಐರೋಲಿ, ಘನ್ಸೋಲಿ, ವಾಶಿ, ನೆರೂಲ್. ಅದು ನವಿ ಮುಂಬಯಿ ಪಾಲಿಕೆ. 1853ರ ಏಪ್ರಿಲ್ 16ರಂದು ದೇಶದ ಮೊದಲ ಪ್ರಯಾಣಿಕರ ರೈಲು ಬೋರಿಬಂದರಿನಿಂದ ಬಂದು ನಿಂತದ್ದು ಠಾಣೆಯಲ್ಲಿ. ಮರುವರ್ಷವೇ ಹಳಿ ಕಲ್ಯಾಣ್ ಮುಟ್ಟಿತು. ಅಂದಿನಿಂದ ಬೆಳೆಯುತ್ತ ಬಂದ ಈ ಸೀಮೆಯಲ್ಲಿ 2011ರ ಜನಗಣತಿಯ ಹೊತ್ತಿಗೆ ಮೂರೂ ಪಾಲಿಕೆಗಳನ್ನು ಸೇರಿಸಿದರೆ 42 ಲಕ್ಷ ಜನರಿದ್ದರು.

ಅವರಲ್ಲಿ ಕನ್ನಡದವರು ಸಣ್ಣ ಸಂಖ್ಯೆಯಲ್ಲೇನೂ ಇಲ್ಲ. ಉಡುಪಿ, ದಕ್ಷಿಣ ಕನ್ನಡದಿಂದ ಬಂದು ಹೋಟೆಲ್ ನಡೆಸುವವರು, ಬ್ಯಾಂಕು–ಕಾರ್ಖಾನೆಗಳಲ್ಲಿ ದುಡಿದು ಡೊಂಬಿವಲಿಯಲ್ಲಿ ಮನೆ ಮಾಡಿದವರು, ಕಲಬುರಗಿ–ವಿಜಯಪುರ ಕಡೆಯಿಂದ ಕಟ್ಟಡದ ಕೆಲಸಕ್ಕೆ ಬಂದು ನವಿ ಮುಂಬಯಿಯಲ್ಲಿ ನೆಲೆಸಿದವರು, ಎಲ್ಲರೂ ಇದ್ದಾರೆ. ಡೊಂಬಿವಲಿ ಕರ್ನಾಟಕ ಸಂಘ ಮಂಜುನಾಥ ವಿದ್ಯಾಲಯವನ್ನೂ ವಾಣಿಜ್ಯ ಕಾಲೇಜನ್ನೂ ನಡೆಸುತ್ತಿದೆ. ಮುಂಬಯಿಯ ಕನ್ನಡಿಗರು ರಾತ್ರಿಶಾಲೆಗಳನ್ನು ಕಟ್ಟಿ, ಹಗಲಿಡೀ ಹೋಟೆಲಿನಲ್ಲಿ ದುಡಿದ ಹುಡುಗರನ್ನು ಓದಿಸಿದವರು. ಮಕ್ಕಳ ಓದೆಂದರೆ ಅವರಿಗೆ ಊರು ಬಿಟ್ಟು ಬಂದುದರ ಫಲ.

ಹಾಗಾಗಿ 2020ರ ಮಾರ್ಚ್‌ನಲ್ಲಿ ಶಾಲೆಗಳ ಬಾಗಿಲು ಮುಚ್ಚಿದಾಗ ಮನೆಮನೆಯಲ್ಲೂ ಎದ್ದ ಪ್ರಶ್ನೆ ತೀರಾ ಸರಳವಾದದ್ದು. ನಾಳೆ ಶಾಲೆ ಇದೆಯಾ? ಅದಕ್ಕೆ ಉತ್ತರ ಹೇಳುವ ಕೆಲಸವೇ ಮುಂದಿನ ಎರಡು ಚಳಿಗಾಲಗಳಲ್ಲಿ ಇಲ್ಲಿನ ಹೈಸ್ಕೂಲು ಶಿಕ್ಷಕರ ಅರ್ಧ ದುಡಿಮೆಯಾಯಿತು.

ಮೂರು ಮೆಟ್ಟಿಲು ಇಳಿದು ಬರುವ ಆದೇಶ

2020ರ ನವೆಂಬರ್ 23ರಿಂದ ಒಂಬತ್ತರಿಂದ ಹನ್ನೆರಡರವರೆಗಿನ ತರಗತಿಗಳನ್ನು ತೆರೆಯಬಹುದೆಂದು ಮಹಾರಾಷ್ಟ್ರ ಸರಕಾರ ಹೇಳಿತು. ಆದರೆ ಕೊನೆಯ ತೀರ್ಮಾನವನ್ನು ಸ್ಥಳೀಯ ಆಡಳಿತಕ್ಕೆ ಬಿಟ್ಟಿತು. ಟಿ.ವಿ.ಯಲ್ಲಿ ‘ಶಾಲೆ ಆರಂಭ’ ಎಂಬ ಸುದ್ದಿ ಓಡುತ್ತಿದ್ದಾಗಲೇ ಮುಂಬಯಿ ಪಾಲಿಕೆ ತನ್ನ ಶಾಲೆಗಳನ್ನು ಡಿಸೆಂಬರ್ 31ರವರೆಗೆ ಮುಚ್ಚಿಡಲು ನಿರ್ಧರಿಸಿತು. ಠಾಣೆಯೂ ಅದೇ ದಾರಿ ಹಿಡಿಯಿತು. ತೆರೆಯುವ ದಿನ ಬಂದಾಗ ಇಡೀ ರಾಜ್ಯದಲ್ಲಿ ತರಗತಿಗೆ ಬಂದ ಮಕ್ಕಳು ಸುಮಾರು ಮೂರು ಲಕ್ಷ. ಆ ನಾಲ್ಕು ತರಗತಿಗಳಲ್ಲಿ ಹೆಸರು ಬರೆಸಿದ್ದವರು 59 ಲಕ್ಷ!

ಈ ಸೀಮೆಯಲ್ಲಿ ಗೊಂದಲ ಇನ್ನೂ ಹೆಚ್ಚು. ಅಪ್ಪನ ಕೆಲಸ ಮುಂಬಯಿಯಲ್ಲಿ, ಮನೆ ಡೊಂಬಿವಲಿಯಲ್ಲಿ, ಶಾಲೆ ಠಾಣೆಯಲ್ಲಿ ಎಂಬ ಕುಟುಂಬಗಳು ಇಲ್ಲಿ ಸಾಮಾನ್ಯ. ಒಂದೇ ಮನೆಗೆ ಮೂರು ಪಾಲಿಕೆಗಳ ಆದೇಶ ಬೇರೆ ಬೇರೆ ಹೊತ್ತಿಗೆ ಬಂದು ಬೀಳುತ್ತಿತ್ತು. ರಾಜ್ಯ ಸರಕಾರದ ಮಂತ್ರಾಲಯದಿಂದ ಪಾಲಿಕೆಗೆ, ಪಾಲಿಕೆಯ ಶಿಕ್ಷಣಾಧಿಕಾರಿಯಿಂದ ಮುಖ್ಯೋಪಾಧ್ಯಾಯರಿಗೆ, ಅಲ್ಲಿಂದ ಕ್ಲಾಸ್ ಟೀಚರಿಗೆ. ಹೀಗೆ ಇಳಿದು ಬಂದ ಮರಾಠಿ ಪರಿಪತ್ರ ಕಡೆಗೆ ತರಗತಿಯ ವಾಟ್ಸಾಪ್ ಗುಂಪಿನಲ್ಲಿ ಪಿಡಿಎಫ್ ಆಗಿ ಕಾಣಿಸಿಕೊಳ್ಳುತ್ತಿತ್ತು.

ಅದನ್ನು ಅಲ್ಲಿಗೆ ಹಾಕಿ ಕೈತೊಳೆದುಕೊಂಡರೆ ಸಾಲುತ್ತಿರಲಿಲ್ಲ. ಪರಿಪತ್ರದ ತುಂಬ ಷರತ್ತುಗಳು. ಪಾಲಕರ ಲಿಖಿತ ಒಪ್ಪಿಗೆ ಬೇಕು. ಹಾಜರಾತಿ ಕಡ್ಡಾಯವಲ್ಲ. ಒಂದು ಬೆಂಚಿಗೆ ಒಬ್ಬರೇ. ಗಣಿತ, ವಿಜ್ಞಾನ, ಇಂಗ್ಲಿಷ್ ತರಗತಿಯಲ್ಲಿ, ಉಳಿದ ವಿಷಯಗಳು ಆನ್‌ಲೈನ್‌ನಲ್ಲಿ. ಶಿಕ್ಷಕರು ಆರ್‌ಟಿ–ಪಿಸಿಆರ್ ಪರೀಕ್ಷೆ ಮಾಡಿಸಿಕೊಂಡೇ ಶಾಲೆಗೆ ಬರಬೇಕು. ತಾಯಿಗೆ ಬೇಕಾದದ್ದು ಇಷ್ಟೇ: ಮಗಳನ್ನು ಕಳಿಸಲೇ, ಬೇಡವೇ? ಕಳಿಸದಿದ್ದರೆ ಅವಳಿಗೆ ಗೈರುಹಾಜರಿ ಬೀಳುತ್ತದೆಯೇ? ಇದಕ್ಕೆ ಉತ್ತರ ಪಿಡಿಎಫ್‌ನ ನಾಲ್ಕನೆಯ ಪುಟದಲ್ಲಿ ಇದ್ದರೂ ಇಲ್ಲದಂತೆಯೇ. ಅದನ್ನು ಎರಡು ಸಾಲಿನಲ್ಲಿ ಬರೆದೋ, ಧ್ವನಿ ಸಂದೇಶದಲ್ಲಿ ಹೇಳಿಯೋ, ಫೋನ್ ಎತ್ತದವರಿಗೆ ಮತ್ತೆ ಕರೆ ಮಾಡಿಯೋ ತಿಳಿಸಿದವರು ಕ್ಲಾಸ್ ಟೀಚರುಗಳು. ಇದೇ ಶಿಕ್ಷಕರಲ್ಲಿ ಅನೇಕರು ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ ‘ಮಾಝೆ ಕುಟುಂಬ, ಮಾಝೀ ಜಬಾಬ್ದಾರಿ’ ಸಮೀಕ್ಷೆಗೆಂದು ಮನೆಮನೆ ಸುತ್ತಿ, ಜ್ವರ ನೋಡಿ, ಆಮ್ಲಜನಕದ ಪ್ರಮಾಣ ಬರೆದುಕೊಂಡು ಬಂದವರು.

ರೈಲಿಲ್ಲ, ಸೇತುವೆಯೂ ಇಲ್ಲ

ಲೋಕಲ್ ರೈಲೇ ಈ ಊರುಗಳ ಜೀವ. 2020ರ ಮಾರ್ಚ್ 22ರಂದು ಅದು ನಿಂತಿತು. ಜೂನ್ 15ರಿಂದ ಅಗತ್ಯ ಸೇವೆಯವರಿಗೆ, ಅಕ್ಟೋಬರ್ 21ರಿಂದ ನಿಗದಿತ ಹೊತ್ತಿನಲ್ಲಿ ಮಹಿಳೆಯರಿಗೆ, ನವೆಂಬರ್ ಮಧ್ಯದಲ್ಲಿ ಶಾಲಾ ಸಿಬ್ಬಂದಿಗೆ ಅವಕಾಶ ಸಿಕ್ಕಿತು. ಎಲ್ಲರಿಗೂ, ಅದೂ ಸಮಯದ ಕಟ್ಟುಪಾಡಿನೊಂದಿಗೆ, ಬಾಗಿಲು ತೆರೆದದ್ದು 2021ರ ಫೆಬ್ರವರಿ 1ರಂದು.

ರಸ್ತೆಯೂ ಸುಲಭವಿರಲಿಲ್ಲ. ಡೊಂಬಿವಲಿಯ ಪೂರ್ವ, ಪಶ್ಚಿಮಗಳನ್ನು ರೈಲುಹಳಿ ಸೀಳಿದೆ. ಎರಡನ್ನೂ ಜೋಡಿಸುವ ಕೋಪರ್ ಸೇತುವೆ 2019ರ ಸೆಪ್ಟೆಂಬರಿನಿಂದ ಬಂದ್ ಆಗಿದ್ದು, ಮತ್ತೆ ತೆರೆಯಲು ಎರಡು ವರ್ಷ ಹಿಡಿಯಿತು. ಕಲ್ಯಾಣಿನ ಬ್ರಿಟಿಷರ ಕಾಲದ ಪತ್ರಿ ಪೂಲನ್ನು 2018ರ ನವೆಂಬರ್‌ನಲ್ಲಿ ಕೆಡವಲಾಗಿತ್ತು. ಹೊಸ ಸೇತುವೆಯ ಗರ್ಡರು ಕೂತದ್ದು 2020ರ ನವೆಂಬರ್‌ನಲ್ಲಿ, ವಾಹನಗಳು ಓಡಿದ್ದು 2021ರ ಜನವರಿ 25ರಂದು. ಆಚೆ ಬದಿಯ ವಿದ್ಯಾರ್ಥಿಗೆ ಒಂದು ವರ್ಕ್‌ಶೀಟ್ ಮುಟ್ಟಿಸುವುದೂ ಕಷ್ಟವಾಗಿದ್ದ ಆ ತಿಂಗಳುಗಳಲ್ಲಿ ಫೋನೇ ಸೇತುವೆಯಾಗಬೇಕಾಯಿತು. ಆ ಫೋನು ಮನೆಗೆ ಒಂದೇ. ಅದು ಅಪ್ಪನ ಜೇಬಿನಲ್ಲಿ ಕೆಲಸಕ್ಕೆ ಹೋಗಿ, ರಾತ್ರಿ ಮನೆಗೆ ಬಂದ ಮೇಲೆ ಮಕ್ಕಳ ಕೈ ಸೇರುತ್ತಿತ್ತು. ಬೆಳಿಗ್ಗೆ ಹತ್ತಕ್ಕೆ ಹಾಕಿದ ಸೂಚನೆಯನ್ನು ರಾತ್ರಿ ಒಂಬತ್ತಕ್ಕೆ ಓದುವ ಮಕ್ಕಳಿದ್ದಾರೆಂದು ಅರಿತ ಶಿಕ್ಷಕರು ಮರುದಿನದ ಪಾಠದ ವೇಳೆಯನ್ನು ಹಿಂದಿನ ಸಂಜೆಯೇ ಕಳಿಸುವುದನ್ನು ರೂಢಿ ಮಾಡಿಕೊಂಡರು.

ಕನ್ನಡದ ಮಕ್ಕಳಿಗೆ ಸಿಕ್ಕಿದ್ದು

ಮಹಾರಾಷ್ಟ್ರದ ಪಠ್ಯಪುಸ್ತಕ ಸಂಸ್ಥೆ ಬಾಲಭಾರತಿ 1967ರ ಜನವರಿ 27ರಂದು ಹುಟ್ಟಿತು. ಮರಾಠಿ, ಹಿಂದಿ, ಇಂಗ್ಲಿಷ್, ಉರ್ದು, ಗುಜರಾತಿ, ಸಿಂಧಿ, ತೆಲುಗುಗಳ ಜೊತೆ ಕನ್ನಡದಲ್ಲೂ ಅದು ಪುಸ್ತಕ ಅಚ್ಚು ಮಾಡುತ್ತದೆ. ಪಿಡಿಎಫ್ ಪುಕ್ಕಟೆಯಾಗಿ ಸಿಗುತ್ತದೆ. ಅಚ್ಚಾದ ಪುಸ್ತಕ ಕೈಗೆ ಬಾರದ ದಿನಗಳಲ್ಲಿ ಇದು ದೊಡ್ಡ ಆಸರೆಯಾಯಿತು.

ಆದರೆ ಪುಸ್ತಕದಿಂದಾಚೆಗಿನ ಪಾಠ ಕನ್ನಡದಲ್ಲಿ ವಿರಳ. 2020ರ ಜುಲೈಯಲ್ಲಿ ರಾಜ್ಯ ಸರಕಾರ ಜಿಯೋ ಟಿ.ವಿ.ಯಲ್ಲಿ ಶುರು ಮಾಡಿದ ಶೈಕ್ಷಣಿಕ ವಾಹಿನಿಗಳು ಮರಾಠಿ, ಇಂಗ್ಲಿಷ್, ಹಿಂದಿ, ಉರ್ದು ಭಾಷೆಗಳಲ್ಲಿದ್ದವು. ಅದೇ ತಿಂಗಳು ಕರ್ನಾಟಕದಲ್ಲಿ ದೂರದರ್ಶನ ಚಂದನ ಎಂಟು, ಒಂಬತ್ತು, ಹತ್ತನೆಯ ತರಗತಿಗಳಿಗೆ ‘ಸಂವೇದ’ ಪಾಠಗಳನ್ನು ಬಿತ್ತರಿಸತೊಡಗಿತು. ಅದು ಕನ್ನಡವೇ, ಪಾಠವೂ ಚೆನ್ನ. ಆದರೆ ಕರ್ನಾಟಕದ ಎಸ್ಸೆಸ್ಸೆಲ್ಸಿ ಪಠ್ಯ ಬೇರೆ, ಮಹಾರಾಷ್ಟ್ರದ ಎಸ್ಸೆಸ್ಸಿ ಪಠ್ಯ ಬೇರೆ. ಯಾವ ಪಾಠ ತಮ್ಮ ಪುಸ್ತಕಕ್ಕೆ ಹೊಂದುತ್ತದೆ, ಯಾವುದು ಇಲ್ಲ ಎಂದು ಬಿಡಿಸಿ ಹೇಳಲು ಮತ್ತೆ ಶಿಕ್ಷಕರೇ ಬೇಕಿತ್ತು. ಲಾಕ್‌ಡೌನಿನಲ್ಲಿ ಊರಿಗೆ ಹೋಗಿ ಅಲ್ಲೇ ಉಳಿದ ಮಕ್ಕಳ ಗೊಂದಲ ಇನ್ನೊಂದು. ಪಕ್ಕದ ಮನೆಯ ಹತ್ತನೆಯವನಿಗೆ 2021ರ ಜನವರಿ 1ರಿಂದ ಶಾಲೆ ಶುರುವಾದರೆ, ಠಾಣೆಯ ಶಾಲೆಯಲ್ಲಿ ಹೆಸರಿರುವ ಇವನಿಗೆ ಇನ್ನೂ ಆನ್‌ಲೈನ್.

ಆ ಚಳಿಗಾಲದ ಒಂದು ಸುದ್ದಿ ಮಾತ್ರ ಮಹಾರಾಷ್ಟ್ರದ ಕನ್ನಡದ ಮನೆಗಳಿಗೆ ವಿಶೇಷವಾಗಿ ಹತ್ತಿರದ್ದು. 2020ರ ಡಿಸೆಂಬರ್ 3ರಂದು ಜಾಗತಿಕ ಶಿಕ್ಷಕ ಪ್ರಶಸ್ತಿ ಸೊಲ್ಲಾಪುರ ಜಿಲ್ಲೆಯ ಪರಿತೇವಾಡಿಯ ರಣಜಿತ್‌ಸಿಂಹ ಡಿಸಳೆ ಅವರಿಗೆ ಬಂತು. ಪುಸ್ತಕದ ಭಾಷೆ ಬೇರೆ, ಮಕ್ಕಳ ಮನೆಮಾತು ಕನ್ನಡ ಎಂದು ಕಂಡು ಅವರು ಕನ್ನಡ ಕಲಿತರು, ಒಂದರಿಂದ ನಾಲ್ಕನೆಯ ತರಗತಿಯ ಪುಸ್ತಕಗಳನ್ನು ಅನುವಾದಿಸಿದರು, ಕ್ಯೂಆರ್ ಕೋಡ್ ಮೂಲಕ ಹಾಡು, ವಿಡಿಯೋ ಜೋಡಿಸಿದರು ಎಂದು ಪ್ರಶಸ್ತಿ ನೀಡಿದ ವಾರ್ಕಿ ಪ್ರತಿಷ್ಠಾನ ವಿವರಿಸಿತ್ತು. ಹತ್ತು ಲಕ್ಷ ಡಾಲರ್ ಬಹುಮಾನದ ಅರ್ಧವನ್ನು ಅವರು ಅಂತಿಮ ಸುತ್ತಿನ ಉಳಿದ ಶಿಕ್ಷಕರಿಗೆ ಹಂಚಿದರು.

ಪರೀಕ್ಷೆ ಇದೆ, ಪರೀಕ್ಷೆ ಇಲ್ಲ

2021ರ ಜನವರಿ 27ರಿಂದ ಮುಂಬಯಿ ಬಿಟ್ಟು ರಾಜ್ಯದ ಉಳಿದೆಡೆ ಐದರಿಂದ ಎಂಟನೆಯವರೆಗಿನ ತರಗತಿಗಳಿಗೂ ಅನುಮತಿ ಸಿಕ್ಕಿತು. ಒಂದು ತಿಂಗಳು ಕಳೆಯುವುದರೊಳಗೆ ಸೋಂಕು ಮತ್ತೆ ಏರಿತು. ಏಪ್ರಿಲ್ 29ಕ್ಕೆ ನಿಗದಿಯಾಗಿದ್ದ ಎಸ್ಸೆಸ್ಸಿ ಪರೀಕ್ಷೆಯನ್ನು ಏಪ್ರಿಲ್ 20ರಂದು ರದ್ದು ಮಾಡಲಾಯಿತು. ಹಾಗಾದರೆ ಅಂಕ ಹೇಗೆ? ಮೇ ಕೊನೆಯಲ್ಲಿ ಸೂತ್ರ ಬಂತು. ನೂರರಲ್ಲಿ 50 ಅಂಕ ಒಂಬತ್ತನೆಯ ತರಗತಿಯ ಫಲಿತಾಂಶದಿಂದ, 30 ಹತ್ತನೆಯ ಆಂತರಿಕ ಮೌಲ್ಯಮಾಪನದಿಂದ, 20 ಗೃಹಪಾಠ, ಮೌಖಿಕ, ಪ್ರಾಯೋಗಿಕದಿಂದ.

ಚಳಿಗಾಲದಲ್ಲಿ ‘ಕಳಿಸಿದರಾಯಿತು’ ಎಂದು ಬಿಟ್ಟ ಗೃಹಪಾಠಕ್ಕೆ ಈಗ ತೂಕ ಬಂತು. ಪ್ರತಿ ವಾರ ನೆನಪಿಸಿ, ಫೋಟೋ ತರಿಸಿಕೊಂಡು, ಪಟ್ಟಿ ಬರೆದಿಟ್ಟುಕೊಂಡಿದ್ದ ಶಿಕ್ಷಕರ ಕಷ್ಟ ಮಕ್ಕಳ ಅಂಕವಾಗಿ ಫಲಿಸಿತು. ಜುಲೈ 16ರಂದು ಬಂದ ಫಲಿತಾಂಶ ಶೇ. 99.95.

ಒಮಿಕ್ರಾನ್ ಬಂದಿಳಿದ ಊರು

ಎರಡನೆಯ ಚಳಿಗಾಲದಲ್ಲಿ ಸುದ್ದಿ ನೇರವಾಗಿ ಡೊಂಬಿವಲಿಯಿಂದಲೇ ಹೊರಟಿತು. 2021ರ ಡಿಸೆಂಬರ್ 4ರಂದು ಕೊರೋನಾದ ಹೊಸ ರೂಪಾಂತರಿ ಒಮಿಕ್ರಾನ್ ಸೋಂಕಿನ ಮಹಾರಾಷ್ಟ್ರದ ಮೊದಲ ಪ್ರಕರಣ ದೃಢಪಟ್ಟಿತು. ದಕ್ಷಿಣ ಆಫ್ರಿಕದಿಂದ ಮರಳಿದ ಆತ ಡೊಂಬಿವಲಿಯ ನಿವಾಸಿ. ಅಕ್ಟೋಬರ್ 4ರಿಂದ ಹೈಸ್ಕೂಲುಗಳು ತೆರೆದು, ಮಕ್ಕಳು ಮತ್ತೆ ಯೂನಿಫಾರ್ಮಿಗೆ ಒಗ್ಗಿಕೊಳ್ಳುತ್ತಿದ್ದ ಹೊತ್ತದು.

ಎರಡೇ ವಾರದಲ್ಲಿ ಘನ್ಸೋಲಿಯ ಒಂದು ಶಾಲೆಯಲ್ಲಿ ಹದಿನಾರು ವಿದ್ಯಾರ್ಥಿಗಳಿಗೆ ಸೋಂಕು ಕಂಡುಬಂತು. ಅವರಲ್ಲೊಬ್ಬನ ತಂದೆ ಕತಾರಿನಿಂದ ಬಂದಿದ್ದರು. ನವಿ ಮುಂಬಯಿ ಪಾಲಿಕೆ ಶಾಲೆಯ ಉಳಿದ ಮಕ್ಕಳ ತಪಾಸಣೆಗೆ ಇಳಿಯಿತು. ಇಂಥ ಸಂದರ್ಭದಲ್ಲಿ ಶಾಲೆ ಏನು ಹೇಳಬೇಕು, ಏನನ್ನು ಹೇಳಬಾರದು ಎಂಬುದು ಸಣ್ಣ ಮಾತಲ್ಲ. ಯಾವ ತರಗತಿ, ಯಾವ ದಿನ, ಯಾರು ಪರೀಕ್ಷೆ ಮಾಡಿಸಿಕೊಳ್ಳಬೇಕು ಎಂಬುದು ಎಲ್ಲರಿಗೂ ತಿಳಿಯಬೇಕು. ಸೋಂಕಿತ ಮಗುವಿನ ಹೆಸರು ಗುಂಪಿನಲ್ಲಿ ಓಡಾಡಬಾರದು.

2022ರ ಜನವರಿ ಮೊದಲ ವಾರದಲ್ಲಿ ಮುಂಬಯಿ, ಠಾಣೆ, ನವಿ ಮುಂಬಯಿಗಳಲ್ಲಿ ಒಂದರಿಂದ ಒಂಬತ್ತನೆಯವರೆಗಿನ ತರಗತಿಗಳು ಮತ್ತೆ ಮುಚ್ಚಿದವು. ಹೈಸ್ಕೂಲಿನಲ್ಲಿ ಹತ್ತನೆಯವರಿಗೆ ಮಾತ್ರ ಶಾಲೆ ಇತ್ತು. ಅದೇ ವಾರ, ಜನವರಿ 3ರಂದು, 15ರಿಂದ 18ರ ವಯಸ್ಸಿನವರಿಗೆ ಲಸಿಕೆ ಆರಂಭವಾಯಿತು. ಶಾಲೆ ಮುಚ್ಚಿದೆ, ಆದರೂ ಒಂಬತ್ತನೆಯವನು ಆಧಾರ್ ಕಾರ್ಡ್ ಹಿಡಿದು ಲಸಿಕೆಗೆ ಬರಬೇಕು. 2007ರಲ್ಲಿ ಅಥವಾ ಅದಕ್ಕೂ ಮೊದಲು ಹುಟ್ಟಿದವರಿಗಷ್ಟೇ ಲಸಿಕೆ, ಅದೇ ಬೆಂಚಿನ ಇನ್ನೊಬ್ಬನಿಗಿಲ್ಲ. ಇದನ್ನು ಹೆದರಿದ ಪಾಲಕರಿಗೆ ಅವರ ಮಾತಿನಲ್ಲಿ ಹೇಳಬಲ್ಲವರು ಹೇಳಿದಾಗ ಮಕ್ಕಳು ತೋಳು ಚಾಚಿದರು.

ಸರಿಯಾದ ಮಾಹಿತಿ ತಡವಾದರೆ ಆ ಜಾಗಕ್ಕೆ ಏನು ಬಂದು ಕೂರುತ್ತದೆ ಎಂಬುದಕ್ಕೆ ಜನವರಿ 31 ಸಾಕ್ಷಿ. ಸಾಮಾಜಿಕ ಜಾಲತಾಣದ ಪ್ರಸಿದ್ಧನೊಬ್ಬನ ವಿಡಿಯೋ ನೋಡಿ, ಹತ್ತು, ಹನ್ನೆರಡನೆಯ ತರಗತಿಗಳ ಪರೀಕ್ಷೆ ಆನ್‌ಲೈನ್ ಆಗಬೇಕೆಂದು ನೂರಾರು ವಿದ್ಯಾರ್ಥಿಗಳು ಧಾರಾವಿಯಲ್ಲಿ ಶಿಕ್ಷಣ ಸಚಿವೆ ವರ್ಷಾ ಗಾಯಕ್ವಾಡ್ ಅವರ ಮನೆಯ ಬಳಿ ಸೇರಿದರು. ಪೊಲೀಸರು ಲಾಠಿ ಎತ್ತಿದರು.

ಮಾರ್ಚ್ 15

ಎಸ್ಸೆಸ್ಸಿ ಪರೀಕ್ಷೆ ಲಿಖಿತವಾಗಿಯೇ ನಡೆಯಿತು. ಪಠ್ಯದ ಕಾಲು ಭಾಗ ಕಡಿಮೆ. ದೊಡ್ಡ ಪತ್ರಿಕೆಗಳಿಗೆ ಅರ್ಧ ಗಂಟೆ, ಸಣ್ಣವಕ್ಕೆ ಕಾಲು ಗಂಟೆ ಹೆಚ್ಚುವರಿ. 15 ಅಥವಾ ಹೆಚ್ಚು ವಿದ್ಯಾರ್ಥಿಗಳಿದ್ದರೆ ಅವರ ಶಾಲೆಯೇ ಉಪಕೇಂದ್ರ, ಕಡಿಮೆ ಇದ್ದರೆ ಹತ್ತಿರದ ಶಾಲೆ. ಹತ್ತನೆಯಲ್ಲಿ ಬೆರಳೆಣಿಕೆಯ ಮಕ್ಕಳಿರುವ ಕನ್ನಡ ತರಗತಿಗಳಿಗೆ ಈ ಕೊನೆಯ ಸಾಲೇ ಎಲ್ಲಕ್ಕಿಂತ ಮುಖ್ಯ. 2022ರ ಮಾರ್ಚ್ 15ರಂದು ಮೊದಲ ಪತ್ರಿಕೆ ಪ್ರಥಮ ಭಾಷೆಯದು. ಜೂನ್ 17ರಂದು ಬಂದ ಫಲಿತಾಂಶ ಶೇ. 96.94.

ತರಗತಿಯ ಗುಂಪುಗಳು ಅಳಿಯಲಿಲ್ಲ. ಮಳೆಗೆ ಹಳಿ ಮುಳುಗಿದಾಗ, ಜಿಲ್ಲಾಡಳಿತ ಇದ್ದಕ್ಕಿದ್ದಂತೆ ರಜೆ ಸಾರಿದಾಗ ಸಂದೇಶ ಈಗಲೂ ಅಲ್ಲಿಗೇ ಬರುತ್ತದೆ. ಆಗಬೇಕಾದ್ದು ಇನ್ನೂ ಉಳಿದಿದೆ. ಮೂರೂ ಪಾಲಿಕೆಗಳು ಶಾಲೆಗೆ ಸಂಬಂಧಿಸಿದ ತುರ್ತು ಆದೇಶಗಳ ಸಾರವನ್ನು ಅರ್ಧ ಪುಟದಲ್ಲಿ, ತಮ್ಮ ಮಕ್ಕಳು ಓದುವ ಎಲ್ಲ ಭಾಷೆಗಳಲ್ಲಿ ಕೊಡಬೇಕು. ಡೊಂಬಿವಲಿ, ಕಲ್ಯಾಣ್, ಠಾಣೆ, ನವಿ ಮುಂಬಯಿಯ ಕನ್ನಡ ಸಂಘಗಳಲ್ಲಿ ಮರಾಠಿ, ಕನ್ನಡ ಎರಡನ್ನೂ ಬಲ್ಲ ನಿವೃತ್ತ ಶಿಕ್ಷಕರು ಎಷ್ಟೋ ಮಂದಿ ಇದ್ದಾರೆ. ಪರಿಪತ್ರ ಬಂದ ಸಂಜೆಯೇ ಅದನ್ನು ಕನ್ನಡಕ್ಕೆ ತಂದು ಶಾಲೆಗಳಿಗೆ ಮುಟ್ಟಿಸುವ ಹೊಣೆಯನ್ನು ಅವರಿಗೆ ವಹಿಸಲು ಸಂಘಗಳು ಇನ್ನೊಂದು ಆಪತ್ತಿಗೆ ಕಾಯಬೇಕಾಗಿಲ್ಲ. ಮುಂದಿನ ಜೂನ್‌ನಲ್ಲಿ ಶಾಲೆ ಶುರುವಾಗುವ ಮೊದಲೇ ಈ ಏರ್ಪಾಡು ಆಗಲಿ.