ಕಾಡಿನ ಹಾದಿಯಲ್ಲಿ ಕರಿಯನೊಡನೆ

ಕಳೆದ ಬೇಸಿಗೆ ರಜೆಯಲ್ಲಿ ಉದಕಮಂಡಲದ ನನ್ನ ಅಕ್ಕನ ಮನೆಯಲ್ಲಿ ಮದುವೆ. ಮನೆಮಂದಿಯೆಲ್ಲ ಎಂಟು ದಿನ ತಾಳವಾಡಿ ಬಿಟ್ಟು ಹೋಗಬೇಕಾಗಿತ್ತು. ಹೊರಡುವ ಹಿಂದಿನ ರಾತ್ರಿ ಎದ್ದ ಪ್ರಶ್ನೆ ಒಂದೇ: ಕರಿಯನನ್ನು ಏನು ಮಾಡುವುದು? ಕರಿಯ ನಮ್ಮ ಮನೆಯ ನಾಯಿ. ಜಾತಿನಾಯಿಯೇನಲ್ಲ, ಬೀದಿಯಲ್ಲಿ ಹುಟ್ಟಿ ಒಂದು ಮಳೆಗಾಲದಲ್ಲಿ ನಮ್ಮ ಜಗುಲಿ ಸೇರಿಕೊಂಡವನು. ಪಕ್ಕದ ಮನೆಯವರು ಅನ್ನ ಹಾಕುತ್ತೇವೆ ಎಂದರು. ಆದರೆ ರಾತ್ರಿ ಒಳಗೆ ಕಟ್ಟಿಕೊಳ್ಳುವವರು ಯಾರು? ಚಿರತೆ ಜಗುಲಿಯಿಂದಲೇ ನಾಯಿಯನ್ನು ಎತ್ತಿಕೊಂಡು ಹೋಗುವುದು ನಮ್ಮ ಸೀಮೆಗೆ ಹೊಸದಲ್ಲ ಎಂಬುದನ್ನು ಇದನ್ನು ಓದುವ ತಂದೆತಾಯಿಗಳಿಗೆ ನಾನು ಹೇಳಬೇಕಾಗಿಲ್ಲ. ಕೊನೆಗೆ ಮಗನ ಹಟವೇ ಗೆದ್ದಿತು. ಬೆಳಿಗ್ಗೆ ಕರಿಯನೂ ಕಾರು ಹತ್ತಿದ.

ಉದಕಮಂಡಲಕ್ಕೆ ನಮಗೆ ಎರಡು ದಾರಿಗಳುಂಟು. ದಿಂಬಂ ಘಾಟಿಯ 27 ತಿರುವುಗಳನ್ನು ಇಳಿದು, ಸತ್ಯಮಂಗಲ ಮೇಟುಪಾಳ್ಯಗಳ ಮೇಲೆ ಹೋಗಬಹುದು. ಇಲ್ಲವೇ ಚಾಮರಾಜನಗರ, ಗುಂಡ್ಲುಪೇಟೆ ದಾಟಿ ಬಂಡೀಪುರ, ಮುದುಮಲೆಗಳ ಕಾಡಿನೊಳಗಿಂದ ಹೋಗಬಹುದು. ನಾವು ಹಿಡಿದದ್ದು ಎರಡನೆಯದನ್ನು. ತಮಿಳುನಾಡಿನ ಒಂದು ಊರಿನಿಂದ ತಮಿಳುನಾಡಿನ ಇನ್ನೊಂದು ಊರಿಗೆ ಕರ್ನಾಟಕವನ್ನು ಹಾದು ಹೋಗುವ ಭಾಗ್ಯ ಗಡಿಯಲ್ಲಿರುವ ನಮ್ಮಂಥವರದು.

ಈ ಕಾಡುಗಳ ವಿಷಯ ನಿಮಗೆ ಸ್ವಲ್ಪ ತಿಳಿದಿರಬೇಕು. 1973ರಲ್ಲಿ ಹುಲಿ ಯೋಜನೆ ಆರಂಭವಾದಾಗ ಅದಕ್ಕೆ ಆರಿಸಿದ ಮೊದಲ ಒಂಬತ್ತು ಕಾಡುಗಳಲ್ಲಿ ಬಂಡೀಪುರವೂ ಒಂದು. ಮುದುಮಲೆ 1940ರಲ್ಲಿಯೇ ಅಭಯಾರಣ್ಯವಾಗಿತ್ತು. ಅದರ ಒಳಭಾಗ 1990ರಲ್ಲಿ ರಾಷ್ಟ್ರೀಯ ಉದ್ಯಾನವಾಯಿತು. ನಮ್ಮ ಸತ್ಯಮಂಗಲದ ಕಾಡು 2013ರಲ್ಲಿ ಹುಲಿ ಮೀಸಲು ಪ್ರದೇಶವಾಯಿತು. ನಕಾಶೆಯಲ್ಲಿ ಇವುಗಳಿಗೆ ಬೇರೆ ಬೇರೆ ಬಣ್ಣ ಬಳಿದಿರುತ್ತಾರೆ. ಆನೆಗೆ ಮಾತ್ರ ಇದೆಲ್ಲ ಒಂದೇ ಕಾಡು. ಬಂಡೀಪುರದ ದಾರಿಯಲ್ಲಿ 2009ರಿಂದ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಸಂಚಾರ ನಿರ್ಬಂಧವಿರುವುದು, ಕತ್ತಲಲ್ಲಿ ವೇಗವಾಗಿ ಓಡುವ ವಾಹನಗಳಿಗೆ ಸಿಕ್ಕಿ ಜಿಂಕೆ, ಚಿರತೆ, ಆನೆಗಳು ಸಾಯುತ್ತಿದ್ದುದರಿಂದ. 2022ರಲ್ಲಿ ದಿಂಬಂ ಘಾಟಿಗೂ ರಾತ್ರಿ ನಿರ್ಬಂಧ ಬಂದಾಗ ನಮ್ಮೂರಿನಲ್ಲಿ ಎಷ್ಟು ಚರ್ಚೆಯಾಯಿತೆಂದು ನಿಮಗೆಲ್ಲ ನೆನಪಿದೆ.

ಗುಂಡ್ಲುಪೇಟೆಯಲ್ಲಿ ಕಾಫಿ ಕುಡಿದೆವು. ಅಲ್ಲಿ ಕರಿಯನನ್ನು ಇಳಿಸಿ ಓಡಾಡಿಸಬೇಕಾಗಿತ್ತು, ಮರೆತೆ. ಮೇಲುಕಾಮನಹಳ್ಳಿಯ ತನಿಖಾ ಠಾಣೆಯಲ್ಲಿ ಅರಣ್ಯ ಇಲಾಖೆಯ ಯುವಕನೊಬ್ಬ ಕಾರಿನೊಳಗೆ ಬಗ್ಗಿ ನೋಡಿದ.

“ನಾಯಿ ಇದೆಯಾ ಸಾರ್? ಗಾಜು ಏರಿಸಿಕೊಂಡು ಹೋಗಿ. ನಡುವೆ ಎಲ್ಲೂ ಇಳಿಸಬೇಡಿ. ಸೂಜಿ ಹಾಕಿಸಿದ್ದೀರಾ?”

“ಹುಚ್ಚುನಾಯಿ ರೋಗದ್ದು ಹಾಕಿಸಿದ್ದೇನಪ್ಪ,” ಎಂದೆ ಸ್ವಲ್ಪ ಹೆಮ್ಮೆಯಿಂದಲೇ.

“ಅದು ಸರಿ ಸಾರ್. ಡಿಸ್ಟೆಂಪರ್‌ದು?”

ಡಿಸ್ಟೆಂಪರ್ ಎಂದರೆ ಗೋಡೆಗೆ ಬಳಿಯುವ ಬಣ್ಣ ಎಂದಷ್ಟೇ ಅದುವರೆಗೆ ನನಗೆ ಗೊತ್ತಿತ್ತು. ಹಿಂದೆ ವಾಹನಗಳು ಸಾಲುಗಟ್ಟಿದ್ದವು. ತಲೆಯಾಡಿಸಿ ಮುಂದೆ ಹೋದೆ.

ಬೇಸಿಗೆಯ ಮೊದಲ ಮಳೆ ಬಿದ್ದ ಬಂಡೀಪುರವನ್ನು ನೋಡಿಯೇ ತಿಳಿಯಬೇಕು. ಸುಟ್ಟಂತಿದ್ದ ನೆಲದಲ್ಲಿ ಬೆರಳೆತ್ತರದ ಹಸಿರು, ಕಕ್ಕೆಮರದಲ್ಲಿ ಚಿನ್ನದ ಗೊಂಚಲು, ದೂರದಲ್ಲಿ ಮಂಜು ಹೊದ್ದ ಹಿಮವದ್ ಗೋಪಾಲಸ್ವಾಮಿ ಬೆಟ್ಟ. ರಸ್ತೆಯಂಚಿನಲ್ಲೇ ಚುಕ್ಕೆಜಿಂಕೆಗಳ ಹಿಂಡು. ಕರಿಯ ನಾಲಗೆ ಚಾಚಿ ಏದುತ್ತಿದ್ದ. ಪಾಪ, ಸೆಕೆಯಾಗುತ್ತಿದೆ ಎಂದು ಮಗ ಗಾಜನ್ನು ಅರ್ಧ ಇಳಿಸಿದ, ನಾನೂ ಸುಮ್ಮನಿದ್ದೆ. ಒಂದು ತಿರುವಿನಲ್ಲಿ ಹೆಣ್ಣಾನೆಯೊಂದು ಮರಿಯೊಡನೆ ಎಳೆಹುಲ್ಲು ಕೀಳುತ್ತಿತ್ತು. ಮುಂದಿನ ಬಸ್ಸು ನಿಧಾನಿಸಿತು, ನಾವೂ ನಿಧಾನಿಸಿದೆವು. ಅಷ್ಟರಲ್ಲಿ ಕರಿಯ ತಲೆ ಹೊರಗೆ ಹಾಕಿ ಬೊಗಳಿದ. ಆನೆ ಮರಿಯನ್ನು ಹಿಂದಕ್ಕೆ ತಳ್ಳಿ, ಕಿವಿ ಅರಳಿಸಿ ನಮ್ಮತ್ತ ತಿರುಗಿ ನಿಂತಿತು. ಅದು ಹತ್ತು ಹೆಜ್ಜೆ ಬಂದಿತೋ ಹದಿನೈದು ಬಂದಿತೋ ಎಣಿಸುವ ಸ್ಥಿತಿಯಲ್ಲಿ ನಾನಿರಲಿಲ್ಲ. ಬಸ್ಸು ಮುಂದೆ ಸರಿಯಿತು, ನಾವು ಬದುಕಿಕೊಂಡೆವು. ಮಗ ನಡುಗುವ ಕೈಯಿಂದ ಗಾಜು ಏರಿಸಿದ. ಅಲ್ಲಿಂದ ತೆಪ್ಪಕಾಡಿನವರೆಗೆ ಕಾರಿನಲ್ಲಿ ಯಾರೂ ಮಾತಾಡಲಿಲ್ಲ.

ಅಮೆರಿಕದ ಕಾದಂಬರಿಕಾರ ಜಾನ್ ಸ್ಟೈನ್‌ಬೆಕ್‌ನಿಗೂ ಇಂಥದೇ ಅನುಭವವಾಗಿತ್ತು. 1960ರಲ್ಲಿ ಆತ ಮನೆಯಂತೆ ಮಾರ್ಪಡಿಸಿದ ವಾಹನದಲ್ಲಿ ಚಾರ್ಲಿ ಎಂಬ ತನ್ನ ಮುದಿ ನಾಯಿಯನ್ನು ಕೂರಿಸಿಕೊಂಡು ದೇಶ ಸುತ್ತಿದ. ಯೆಲ್ಲೋಸ್ಟೋನ್ ರಾಷ್ಟ್ರೀಯ ಉದ್ಯಾನವನ್ನು ಪ್ರವೇಶಿಸುವಾಗ, ನನ್ನ ನಾಯಿ ಪರಮ ಸಾಧು ಎಂಬ ಭರವಸೆ ಆತನದು. ಒಳಗೆ ಕರಡಿ ಕಂಡದ್ದೇ ತಡ, ಆ ಸಾಧುಪ್ರಾಣಿ ಹುಚ್ಚೆದ್ದು ಕೂಗಾಡಿತು. ಸ್ಟೈನ್‌ಬೆಕ್ ಉದ್ಯಾನದಿಂದ ಹಿಂದಿರುಗಬೇಕಾಯಿತು. ಆ ಉದ್ಯಾನದಲ್ಲಿ ಇಂದಿಗೂ ನಾಯಿಯನ್ನು ಕಾಲುದಾರಿಗಳಿಗೆ ಬಿಡುವುದಿಲ್ಲ. ರಸ್ತೆಯಿಂದ ನೂರು ಅಡಿಯೊಳಗೆ, ಆರಡಿಗಿಂತ ಉದ್ದವಲ್ಲದ ಹಗ್ಗದಲ್ಲಿ ಅದನ್ನು ಹಿಡಿದುಕೊಂಡಿರಬೇಕು. ನಮ್ಮಲ್ಲಿ ಹೆದ್ದಾರಿಯಲ್ಲಿ ಹಾದು ಹೋಗುವವರ ಕಾರಿನೊಳಗೆ ನಾಯಿ ಇದ್ದರೆ ಅಡ್ಡಿಯಿಲ್ಲ; ಸಫಾರಿಗೆ ಮಾತ್ರ ಬಿಡುವುದಿಲ್ಲ.

ಬೊಗಳುವುದರಿಂದ ಆಗುವ ಅಪಾಯ ಕಣ್ಣಿಗೆ ಕಾಣುತ್ತದೆ. ದನ ಮೇಯಿಸಲು ಹೋಗುವವರ ಜೊತೆ ಹೋದ ನಾಯಿ ಕರಡಿಯನ್ನೋ ಆನೆಯನ್ನೋ ಕೆಣಕಿ, ಕೊನೆಗೆ ಓಡಿ ಬಂದು ಯಜಮಾನನ ಕಾಲಸಂದಿಗೇ ನುಗ್ಗುತ್ತದೆ. ಅಟ್ಟಿಸಿಕೊಂಡು ಬಂದದ್ದೂ ಅಲ್ಲಿಗೇ ಬರುತ್ತದೆ. ಆದರೆ ಆ ಯುವಕ ಕೇಳಿದ್ದು ಕಣ್ಣಿಗೆ ಕಾಣದ ಅಪಾಯದ ಮಾತು. ಉದಕಮಂಡಲದಲ್ಲಿ ಮದುವೆಗೆ ಬಂದಿದ್ದ ಪಶುವೈದ್ಯರೊಬ್ಬರನ್ನು ಹಿಡಿದುಕೊಂಡು ನಾನು ವಿಚಾರಿಸಿದ್ದು ಅದನ್ನೇ. ಆಮೇಲೆ ಓದಿಯೂ ತಿಳಿದುಕೊಂಡೆ.

ಕಾಡಿನಲ್ಲಿ ನಮ್ಮ ನಾಯಿಗೊಬ್ಬ ನೆಂಟನಿದ್ದಾನೆ. ಅವನೇ ಕೆನ್ನಾಯಿ, ಸೀಳುನಾಯಿ ಎಂದೂ ಹೇಳುತ್ತೇವೆ. ತಮಿಳಿನಲ್ಲಿ ಸೆನ್ನಾಯ್. ಕನ್ನಡದ ‘ಕೆ’ ತಮಿಳಿನಲ್ಲಿ ‘ಸೆ’ ಆಗುವುದನ್ನು ತರಗತಿಯಲ್ಲಿ ನೋಡಿದ್ದೀರಿ: ನಮ್ಮ ಕಿವಿ ಅವರಿಗೆ ಸೆವಿ, ನಮ್ಮ ಕೆಂಪು ಅವರ ‘ಸೆಂ’. ಎರಡು ಭಾಷೆಯವರೂ ಅದರ ಬಣ್ಣವನ್ನು ನೋಡಿಯೇ ಹೆಸರಿಟ್ಟರು. ಮೈ ಕೆಂಪು, ಬಾಲದ ಕುಚ್ಚು ಕಪ್ಪು. ಅದು ನಾಯಿಯಂತೆ ಬೊಗಳುವುದಿಲ್ಲ. ಸಿಳ್ಳೆ ಹಾಕಿ ಒಂದನ್ನೊಂದು ಕರೆಯುತ್ತದೆ. ನಮ್ಮ ನಾಯಿಗೆ 42 ಹಲ್ಲು, ಅದಕ್ಕೆ 40. ಗುಂಪಾಗಿ ಹಗಲಿನಲ್ಲೇ ಜಿಂಕೆ ಬೇಟೆಯಾಡುತ್ತದೆ. ತಮಿಳುನಾಡಿನವರೇ ಆದ ವಿಜ್ಞಾನಿ ಎ. ಜೆ. ಟಿ. ಜಾನ್‌ಸಿಂಗ್ 1976ರಿಂದ 1978ರವರೆಗೆ ಬಂಡೀಪುರದಲ್ಲಿಯೇ ಇದ್ದು ಇವುಗಳನ್ನು ಅಭ್ಯಸಿಸಿದರು. ಮೈಸೂರಿನ ಕೃಪಾಕರ, ಸೇನಾನಿ ಇದೇ ಕಾಡಿನಲ್ಲಿ ವರ್ಷಗಟ್ಟಲೆ ಇವುಗಳ ಹಿಂದೆ ತಿರುಗಿ ಚಿತ್ರಗಳನ್ನು ತೆಗೆದರು. ಹಿಂದೆ ಸರಕಾರವೇ ಬಹುಮಾನ ಕೊಟ್ಟು ಕೊಲ್ಲಿಸುತ್ತಿದ್ದ ಈ ಪ್ರಾಣಿ ಇಂದು ಜಗತ್ತಿನ ಅಳಿವಿನಂಚಿನ ಜೀವಿಗಳ ಪಟ್ಟಿಯಲ್ಲಿದೆ.

ನೆಂಟಸ್ತಿಕೆಯೇ ಇಲ್ಲಿ ತೊಡಕು. ನಮ್ಮ ನಾಯಿಗೆ ಬರುವ ಹುಚ್ಚು, ಪಾರ್ವೋ, ಡಿಸ್ಟೆಂಪರ್ ರೋಗಗಳೆಲ್ಲ ಕೆನ್ನಾಯಿಗೂ ಬರಬಲ್ಲವು. ಡಿಸ್ಟೆಂಪರ್ ಒಂದು ವೈರಸ್ಸಿನಿಂದ ಬರುವ ರೋಗ. ಜ್ವರ, ಕಣ್ಣು ಮೂಗುಗಳಲ್ಲಿ ಸುರಿತ, ಕೆಮ್ಮು, ಭೇದಿ, ಕೊನೆಗೆ ಕೈಕಾಲು ಅದುರಿ ಸೆಳೆತ. ಬಂದ ಮೇಲೆ ಗುಣಪಡಿಸುವ ಮದ್ದಿಲ್ಲ; ಬಾರದಂತೆ ತಡೆಯುವ ಲಸಿಕೆ ಇದೆ. ಕೆಮ್ಮಿದಾಗ ಹಾರುವ ಹನಿಗಳಿಂದ, ಸುರಿತದಿಂದ ಹರಡುತ್ತದೆ. ಪಾರ್ವೋ ಮಲದಲ್ಲಿ ಹೊರಬಂದು ಮಣ್ಣಿನಲ್ಲಿ ತಿಂಗಳುಗಟ್ಟಲೆ ಉಳಿಯಬಲ್ಲದು. ಹೀಗಾಗಿ ‘ಒಂದು ನಿಮಿಷ ಇಳಿಸಿ ಬಿಡೋಣ, ಪೊದೆಯ ಹಿಂದೆ ಹೋಗಿ ಬರಲಿ’ ಎಂಬುದು ಸಣ್ಣ ಮಾತಲ್ಲ. ನೋಡಲು ಗಟ್ಟಿಮುಟ್ಟಾಗಿರುವ ನಾಯಿಯೂ ರೋಗವನ್ನು ಬಿಟ್ಟು ಬರಬಹುದು.

ಡಿಸ್ಟೆಂಪರ್ ನಾಯಿಯ ಜಾತಿಗೇ ನಿಲ್ಲುವುದಿಲ್ಲ. 1994ರಲ್ಲಿ ಆಫ್ರಿಕದ ಸೆರೆಂಗೆಟಿಯಲ್ಲಿ ಇದು ಸಿಂಹಗಳಿಗೆ ತಗಲಿ ಸುಮಾರು ಸಾವಿರ ಸಿಂಹಗಳು, ಎಂದರೆ ಮೂರರಲ್ಲಿ ಒಂದು ಪಾಲು, ಸತ್ತವು. ಸುತ್ತಲಿನ ಹಳ್ಳಿಗಳ ನಾಯಿಗಳಿಂದ ರೋಗ ಕಾಡಿಗೆ ಹಬ್ಬಿತೆಂದು ಪರೀಕ್ಷಿಸಿದವರು ಹೇಳಿದರು. 2018ರಲ್ಲಿ ಗುಜರಾತಿನ ಗಿರ್ ಕಾಡಿನಲ್ಲಿ ಕೆಲವೇ ವಾರಗಳಲ್ಲಿ 20ಕ್ಕೂ ಹೆಚ್ಚು ಸಿಂಹಗಳು ಸತ್ತಾಗ ಅವುಗಳಲ್ಲಿ ಕೆಲವಕ್ಕೆ ಇದೇ ವೈರಸ್ ತಗಲಿದ್ದುದು ಕಂಡುಬಂತು. ಇಥಿಯೋಪಿಯದ ಬೇಲ್ ಪರ್ವತ ರಾಷ್ಟ್ರೀಯ ಉದ್ಯಾನದಲ್ಲಿ ಅಪರೂಪದ ತೋಳಗಳುಂಟು. 2003ರಲ್ಲಿ ಅವುಗಳಿಗೆ ಹುಚ್ಚು ತಗಲಿ ಬಹಳಷ್ಟು ಸತ್ತವು. ದನಗಾಹಿಗಳ ಜೊತೆ ಬೆಟ್ಟಕ್ಕೆ ಹೋಗುವ ನಾಯಿಗಳಿಂದ ಅದು ಬಂದಿತ್ತು. ಓದುವಾಗ ನನಗೆ ನಮ್ಮ ಹಳ್ಳಿಗಳೇ ಕಣ್ಣ ಮುಂದೆ ಬಂದವು.

ಇಷ್ಟು ದೂರದ ಉದಾಹರಣೆ ಏಕೆ ಎನ್ನುವ ಹಿರಿಯರಿಗೆ ಹತ್ತಿರದ್ದೊಂದಿದೆ. ದನಗಳಿಗೆ ಬರುತ್ತಿದ್ದ ದೊಡ್ಡರೋಗ, ಎಂದರೆ ರಿಂಡರ್‌ಪೆಸ್ಟ್, ನಿಮಗೆ ನೆನಪಿರಬಹುದು. ಅದರ ವೈರಸ್ಸೂ ಡಿಸ್ಟೆಂಪರಿನ ವೈರಸ್ಸೂ ಮಕ್ಕಳಿಗೆ ಬರುವ ದಡಾರದ ವೈರಸ್ಸೂ ಒಂದೇ ಕುಟುಂಬದವು. 1968ರಲ್ಲಿ ದೊಡ್ಡರೋಗ ಬಂಡೀಪುರ, ಮುದುಮಲೆಗಳ ಕಾಟಿಗಳಿಗೆ ಹಬ್ಬಿ ಅವು ಬಹುಮಟ್ಟಿಗೆ ನಿರ್ನಾಮವೇ ಆದವು. ಇಂದು ಆ ರಸ್ತೆಯಲ್ಲಿ ಕಾಟಿಗಳ ಹಿಂಡು ಮತ್ತೆ ಕಾಣುತ್ತದೆ. ದನಗಳಿಗೆ ಹಳ್ಳಿಹಳ್ಳಿಯಲ್ಲಿ ಲಸಿಕೆ ಹಾಕಿ ಹಾಕಿ, 2011ರಲ್ಲಿ ಆ ರೋಗ ಇಡೀ ಭೂಮಿಯಿಂದಲೇ ತೊಲಗಿತೆಂದು ಘೋಷಿಸಿದರು. ಅಭಯಾರಣ್ಯದ ಐದು ಕಿಲೋಮೀಟರಿನೊಳಗೆ ಸಾಕಿರುವ ಜಾನುವಾರುಗಳಿಗೆ ಲಸಿಕೆ ಹಾಕಿಸಲು ವ್ಯವಸ್ಥೆಯಾಗಬೇಕೆಂದು 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯಲ್ಲಿಯೇ ವಿಧಿಯಿದೆ. ಅಲ್ಲಿ ಹೆಸರಿಸಿರುವುದು ಎಮ್ಮೆ, ಎತ್ತು, ಆಡು, ಕುರಿ, ಕೋಳಿ ಮೊದಲಾದವನ್ನು, ನಾಯಿಯ ಹೆಸರಿಲ್ಲ. ನಾಯಿಯ ಚಿಂತೆ ನಮ್ಮ ಪಾಲಿಗೇ ಬಂದಂತಾಯಿತು.

ಮರಿಗೆ ಆರರಿಂದ ಎಂಟು ವಾರವಾದಾಗ ಮೊದಲ ಸೂಜಿ, ಆಮೇಲೆ ಹದಿನಾರು ವಾರ ತುಂಬುವವರೆಗೆ ಎರಡರಿಂದ ನಾಲ್ಕು ವಾರಕ್ಕೊಮ್ಮೆ. ಡಿಸ್ಟೆಂಪರ್, ಪಾರ್ವೋ ಎರಡಕ್ಕೂ ಸೇರಿ ಒಂದೇ ಸೂಜಿ ಸಾಕು. ಹುಚ್ಚಿನದು ಬೇರೆ. ಬೆಳೆದ ನಾಯಿಗೂ ಹಾಕಿಸಬಹುದು. ಮತ್ತೆ ಯಾವಾಗ ಎಂಬುದನ್ನು ವೈದ್ಯರೇ ಚೀಟಿಯಲ್ಲಿ ಬರೆದುಕೊಡುತ್ತಾರೆ.

ಹಿಂದಿರುಗುವ ಪ್ರಯಾಣದಲ್ಲಿ ಬುದ್ಧಿ ಬಂದಿತ್ತು. ಹೊರಡುವ ಮೂರು ನಾಲ್ಕು ಗಂಟೆ ಮೊದಲೇ ಕರಿಯನಿಗೆ ಊಟ ಹಾಕಿದೆವು. ಹೊಟ್ಟೆ ತುಂಬಿದ ನಾಯಿ ನಡುವಟ್ಟದ ತಿರುವುಗಳಲ್ಲಿ ಕಾರಿಕೊಳ್ಳುತ್ತದೆ. ಗೂಡಲೂರಿನಲ್ಲಿ ಹಗ್ಗ ಹಿಡಿದು ಕಾಲುಗಂಟೆ ಓಡಾಡಿಸಿದೆವು, ನೀರು ಕುಡಿಸಿದೆವು. ನಾವು ತಿಂಡಿಗೆ ಹೋದಾಗ ಒಬ್ಬರು ಅವನ ಜೊತೆ ಹೊರಗೆ ನೆರಳಿನಲ್ಲಿ ನಿಂತರು. ನಾಯಿ ನಮ್ಮಂತೆ ಮೈಯೆಲ್ಲ ಬೆವರುವುದಿಲ್ಲ, ಏದಿಯೇ ಮೈ ತಂಪು ಮಾಡಿಕೊಳ್ಳುತ್ತದೆ. ಬಿಸಿಲಿಗೆ ನಿಲ್ಲಿಸಿದ ಮುಚ್ಚಿದ ಕಾರಿನಲ್ಲಿ ಸ್ವಲ್ಪ ಹೊತ್ತಿನಲ್ಲೇ ಅದರ ಪ್ರಾಣ ಹೋಗಬಹುದು. ಕಾಡು ಬರುವ ಮೊದಲೇ ಹಿಂದಿನ ಸೀಟಿಗೆ ಕಟ್ಟಿ, ಎರಡು ಬೆರಳಗಲ ಬಿಟ್ಟು ಗಾಜು ಏರಿಸಿದೆವು. ಕಾಡಿನ ದಾರಿ ಸುಮಾರು ಒಂದು ಗಂಟೆಯದು. ಅಷ್ಟು ಹೊತ್ತು ಕರಿಯ ಮಗನ ತೊಡೆಯ ಮೇಲೆ ತಲೆಯಿಟ್ಟು ನಿದ್ದೆ ಹೋದ. ಕೆಕ್ಕನಹಳ್ಳದ ಬಳಿ ಲಂಟಾನ ಪೊದೆಯಿಂದ ಕೆಂಪಗಿನ ನಾಲ್ಕು ಪ್ರಾಣಿಗಳು ಸಾಲಾಗಿ ರಸ್ತೆ ದಾಟಿದವು. ಕಪ್ಪು ಬಾಲ ನೋಡಿದ ಮೇಲೆ ನಮಗೆ ಗೊತ್ತಾಯಿತು. ಕರಿಯ ಎಚ್ಚರಗೊಳ್ಳಲಿಲ್ಲ.

ಮುಂದಿನ ವಾರ ಅವನನ್ನು ಚಾಮರಾಜನಗರಕ್ಕೆ ಕರೆದೊಯ್ದು ಸೂಜಿ ಹಾಕಿಸಿದೆ. ಈಗ ಒಂಬತ್ತನೆಯ ತರಗತಿಯ ಹುಡುಗರು ಬೀದಿಬೀದಿ ತಿರುಗಿ ಊರಿನ ನಾಯಿಗಳ ಪಟ್ಟಿ ಮಾಡಿದ್ದಾರೆ. ಯಾರ ಮನೆಯದು, ಯಾವ ಸೂಜಿ ಆಗಿದೆ, ಯಾವುದು ಆಗಿಲ್ಲ, ದನದ ಜೊತೆ ಕಾಡಿಗೆ ಹೋಗುತ್ತದೆಯೇ ಎಂಬುದೆಲ್ಲ ಅದರಲ್ಲಿದೆ. ಸೆಪ್ಟೆಂಬರ್ 28ರ ರೇಬೀಸ್ ದಿನದಂದು ಅದನ್ನು ಪಶುವೈದ್ಯರಿಗೆ ಒಪ್ಪಿಸಬೇಕೆಂದಿದ್ದೇವೆ. ಪಟ್ಟಿ ನನ್ನ ಮೇಜಿನ ಮೇಲಿದೆ. ನಿಮ್ಮ ಮನೆಯ ನಾಯಿಯ ಹೆಸರು ಬಿಟ್ಟುಹೋಗಿದ್ದರೆ ದಯವಿಟ್ಟು ಮಕ್ಕಳ ಕೈಯಲ್ಲಿ ಬರೆದು ಕಳುಹಿಸಿರಿ.